ಪಲ್ಯ ನನ್ನದು, ರೊಟ್ಟಿ ಅವಳದು

ರಾಜೇಶ್ವರದ ಶಾಲೆಯಲ್ಲಿ ನಾವಿಬ್ಬರೇ ಶಿಕ್ಷಕಿಯರು, ಉಳಿದವರೆಲ್ಲ ಗಂಡಸರು. ನಾನು ಬಸವಕಲ್ಯಾಣದಿಂದ ಬಸ್ಸಿಗೆ ಬರುತ್ತಿದ್ದೆ, ಅವಳು ಹುಮನಾಬಾದಿನಿಂದ. ನನಗಿಂತ ಎರಡು ವರ್ಷ ದೊಡ್ಡವಳು, ಅದಕ್ಕೆ ಅಕ್ಕಾ ಅನ್ನುತ್ತಿದ್ದೆ. ತೊಂಬತ್ತರ ದಶಕದ ಕೊನೆಗೆ ಕೆಲಸಕ್ಕೆ ಸೇರಿದ ವರ್ಷವೇ ನಮ್ಮಿಬ್ಬರ ನಡುವೆ ಒಂದು ಕರಾರಾಯಿತು: ಪಲ್ಯ ನನ್ನದು, ರೊಟ್ಟಿ ಅವಳದು. ನಾನು ಬಡಿದ ರೊಟ್ಟಿ ದಪ್ಪ, ಅಂಚು ಸೀಳುತ್ತದೆ. ನಮ್ಮತ್ತೆ ಅದನ್ನು ಮುಖಕ್ಕೇ ಹೇಳಿದ್ದರು. ಅವಳದು ಕಾಗದದಷ್ಟು ತೆಳು. ಎಂಟು ವರ್ಷ ಪುಂಡಿ ಪಲ್ಯ, ಬದನೆಕಾಯಿ, ಶೇಂಗಾ ಹಿಂಡಿ ನಾನು ಒಯ್ದೆ, ಬಿಳಿ ಬಟ್ಟೆಯಲ್ಲಿ ಸುತ್ತಿದ ಜೋಳದ ರೊಟ್ಟಿ ಅವಳು ತಂದಳು. ನಮ್ಮ ಮನೆಯಲ್ಲಿ ನನ್ನ ಊಟ ಅಂದರೆ ಎಲ್ಲರಿಗೂ ಬಡಿಸಿದ ಮೇಲೆ ತಳದಲ್ಲಿ ಉಳಿದದ್ದು. ಎದುರಿಗೆ ಕೂತು 'ಇನ್ನೊಂದು ತಗೋ' ಅನ್ನುವವರು ನನಗೆ ಆ ಶಾಲೆಯಲ್ಲಿ ಮಾತ್ರ ಇದ್ದರು.

ಒಂದು ಸೋಮವಾರ ಅವಳ ಚೀಲದಿಂದ ರೊಟ್ಟಿಯ ಗಂಟು ಹೊರಗೆ ಬರಲಿಲ್ಲ. ಬಂದದ್ದು ಒಂದು ದೊಡ್ಡ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳದ ಲೋಟ, ಹಾಲಿನ ಥರ್ಮಾಸ್. ಎರಡು ಚಮಚ ಪುಡಿ ಹಾಕಿ ಗಡಗಡ ಅಲ್ಲಾಡಿಸಿದಳು.

"ಇದೇ ಊಟ ತಂಗಿ. ಮಧ್ಯಾಹ್ನ ರೊಟ್ಟಿ ಬಿಟ್ಟೇನಿ. ಮೊಣಕಾಲು ಇಷ್ಟು ಭಾರ ತಾಳಂಗಿಲ್ಲ ಅಂದಾರ ಡಾಕ್ಟರು."

ನನ್ನ ಮುಂದೆ ಎಣ್ಣೆಗಾಯಿ ಡಬ್ಬಿ ಬಾಯಿ ತೆರೆದು ಕೂತಿತ್ತು, ತಿನ್ನಲು ರೊಟ್ಟಿಯಿಲ್ಲ. ಅವಳಿಗೆ ಅದು ಹೊಳೆಯಲೇ ಇಲ್ಲ. ಕೇಳಲು ನನಗೆ ಬಿಗುಮಾನ. ಚಮಚದಿಂದ ಬರೀ ಬದನೆಕಾಯಿ ತಿಂದು ನೀರು ಕುಡಿದೆ. ಮರುದಿನದಿಂದ ನನ್ನ ದಪ್ಪ ರೊಟ್ಟಿ ನಾನೇ ಒಯ್ದೆ.

ಆ ಪುಡಿ ಹುಮನಾಬಾದಿನಲ್ಲಿ ಯಾರದೋ ಮನೆಯಲ್ಲಿ ಮಾರುತ್ತಿದ್ದರಂತೆ. ಬೆಳಿಗ್ಗೆ ಹತ್ತು ಹೆಂಗಸರು ಅಲ್ಲಿ ಸೇರಿ ಒಂದೊಂದು ಲೋಟ ಕುಡಿದು, ತೂಕದ ಯಂತ್ರದ ಮೇಲೆ ನಿಲ್ಲುತ್ತಿದ್ದರು. ತೂಕ ಇಳಿದವಳಿಗೆ ಉಳಿದವರೆಲ್ಲ ಚಪ್ಪಾಳೆ ಹೊಡೆಯಬೇಕು. ಊಟದ ಹೊತ್ತಿನ ತುಂಬ ಈಗ ಅದೇ ಮಾತು. ಯಾರು ಎಷ್ಟು ಇಳಿದರು, ಯಾರು ಏನು ಹೇಳಿ ನಗಿಸಿದರು.

"ಇವತ್ತ ನನಗ ಎಲ್ಲಾರೂ ಚಪ್ಪಾಳಿ ಹೊಡದ್ರು ನೋಡು."

"ಹೌದಾ," ಅಂದೆ, ರೊಟ್ಟಿಯ ಕಡೆ ನೋಡುತ್ತ. ಆ ಹತ್ತು ಹೆಂಗಸರನ್ನು ನಾನು ಕಣ್ಣಿನಿಂದ ಕಂಡವಳಲ್ಲ, ಆದರೂ ಬಸ್ಸಿನಲ್ಲಿ ಬಸವಕಲ್ಯಾಣ ಬರುವವರೆಗೆ ಒಬ್ಬೊಬ್ಬರನ್ನೇ ಮನಸಾರೆ ಬೈಯುತ್ತಿದ್ದೆ.

ಎರಡು ತಿಂಗಳಿಗೆ ಅವಳು ಇಳಿದದ್ದು ಎದ್ದು ಕಂಡಿತು. ಹೆಡ್ ಮಾಸ್ತರರು ಒಂದು ದಿನ ಸ್ಟಾಫ್ ರೂಮಿನಲ್ಲೇ ಅವಳಿಗೆ, "ಏನ್ರಿ ಬಾಯಾರ, ಭಾಳ ಇಳದೀರಿ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವೂ ಅದನ್ನ ಕುಡೀರಲಾ," ಅಂದರು. ನನ್ನ ಮೈ ಉರಿದುಹೋಯಿತು. ನನ್ನ ಊಟ ತೆಗೆದುಕೊಂಡದ್ದೂ ಅದೇ ಪುಡಿ, ಅವಳನ್ನು ಚೆಂದ ಮಾಡಿದ್ದೂ ಅದೇ ಪುಡಿ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಸಂಕಟಪಟ್ಟೆನೋ ಈಗಲೂ ಹೇಳಲಾರೆ.

ಪುಡಿಯ ಡಬ್ಬಿ ನಮ್ಮಿಬ್ಬರ ಕಪಾಟಿನಲ್ಲೇ ಇರುತ್ತಿತ್ತು. ಮನೆಯಲ್ಲಿ ಮಿಕ್ಸರಿಗೆ ಸಕ್ಕರೆ ಹಾಕಿ ನುಣ್ಣಗೆ ಮಾಡಿದೆ, ಅದಕ್ಕೆ ಹಾಲಿನ ಪುಡಿ ಬೆರೆಸಿದೆ. ಅವಳು ಐದನೇ ತರಗತಿಯಲ್ಲಿ ಮಗ್ಗಿ ಹೇಳಿಸುತ್ತಿದ್ದಾಗ ಅದನ್ನು ಡಬ್ಬಿಗೆ ಸುರಿದು ಕಲಸಿದೆ. ಇಳಿಯುವುದು ನಿಂತರೆ ಪುಡಿಯ ಮೇಲೆ ಬೇಸರ ಬಂದೀತು, ರೊಟ್ಟಿ ಮತ್ತೆ ಬಂದೀತು ಎಂಬುದು ನನ್ನ ಯೋಚನೆ.

ಮೂರು ವಾರ ಹೀಗೇ ನಡೆಯಿತು. ಅವಳು ಏನೂ ಅನ್ನದೆ ಕುಡಿಯುತ್ತಿದ್ದಳು. ಒಂದು ಬೆಳಿಗ್ಗೆ ಶಾಲೆಯ ಮೂರೇ ಮೆಟ್ಟಿಲನ್ನು ಅವಳು ಗೋಡೆ ಹಿಡಿದು ಹತ್ತುವುದನ್ನು ಕಂಡೆ. ಆದರೂ ಆ ದಿನವೂ ಸಕ್ಕರೆ ಹಾಕಿದೆ.

ಮಧ್ಯಾಹ್ನ ಅವಳು, "ಮೂರು ವಾರ ಆತು, ತೂಕದ ಮುಳ್ಳು ಅಲ್ಲೇ ನಿಂತದ. ಚಪ್ಪಾಳಿ ಇಲ್ಲ, ಏನಿಲ್ಲ," ಅಂದಳು. ನನ್ನ ಡಬ್ಬಿಯ ಮುಚ್ಚಳ ಎಳೆದುಕೊಂಡು ಲೋಟದಲ್ಲಿದ್ದ ಅರ್ಧ ಅದಕ್ಕೆ ಸುರಿದು ನನ್ನ ಮುಂದೆ ಇಟ್ಟಳು.

"ಕುಡಿ."

"ನನಗ ಬ್ಯಾಡ ಅಕ್ಕಾ."

"ಕುಡಿ ತಂಗಿ. ಮಾಡಿದ್ದು ಉಣ್ಣಬೇಕಲ್ಲ."

ಕುಡಿದೆ. ಪಾಯಸದಷ್ಟು ಸಿಹಿಯಾಗಿತ್ತು.

"ಯಾವಾಗ ಗೊತ್ತಾತು?" ಅಂದೆ, ತಲೆ ಎತ್ತದೆ.

"ಮೊದಲನೇ ದಿನಾನೇ. ಇದು ಬರೇ ಸಪ್ಪಗ ಇರ್ತದ. ರುಚಿ ಆಗ್ಯಾದ ಅಂತ ನಾನೂ ಒಂದು ವಾರ ಸುಮ್ಮನ ಕುಡದೆ. ಆಮ್ಯಾಲ ನೀನೇ ಹೇಳ್ತಿ ಅಂತ ಕಾದೆ. ಯಾಕ ಹಾಕ್ದಿ?"

"ನೀ ರೊಟ್ಟಿ ತರೋದು ಬಿಟ್ಟಿ," ಅಂದೆ. ನಲವತ್ತರ ಹತ್ತಿರದ ಹೆಂಗಸು, ಅಂದದ್ದು ಐದನೇ ತರಗತಿಯ ಹುಡುಗಿಯ ಹಾಗೆ.

ಅವಳು ನನ್ನ ಡಬ್ಬಿಯಲ್ಲಿದ್ದ ಸೀಳಿದ ರೊಟ್ಟಿಯನ್ನು ನೋಡಿದಳು. "ಅಯ್ಯ, ನಿನಗ ರೊಟ್ಟಿ ಬಡೀಲಿಕ್ಕ ಬರಂಗಿಲ್ಲ ಅನ್ನೋದೇ ಮರ್ತಿದ್ದೆ. ಬಾಯಿ ಬಿಟ್ಟು ಕೇಳಿದ್ರ ಅವತ್ತೇ ತರ್ತಿದ್ದೆ," ಅಂದಳು.

ಮರುದಿನ ಪುಡಿಯ ಹೊಸ ಡಬ್ಬಿ ಬಂತು, ಜೊತೆಗೆ ಬಿಳಿ ಬಟ್ಟೆಯ ಗಂಟೂ ಬಂತು. ಅದರಲ್ಲಿ ನನಗೆಂದೇ ಬಡಿದ ಎರಡು ರೊಟ್ಟಿ. ಒಂದು ತುಂಡು ಮುರಿದು ಅವಳ ಮುಂದಿಟ್ಟೆ, ಅವಳು ಹಿಂದಕ್ಕೆ ಸರಿಸಿ ತನ್ನ ಸಪ್ಪೆ ಲೋಟ ಎತ್ತಿದಳು. ದಿನವೂ ಹಾಗೇ ನಡೆಯಿತು.

ತಿಂಗಳಾದ ಮೇಲೆ ಒಮ್ಮೆ, "ಇವತ್ತ ಮುಳ್ಳು ಇಳೀತು," ಅಂದು ನನ್ನ ಮುಖ ನೋಡಿದಳು. ನಾನು ಎಂಜಲು ಕೈಯಲ್ಲೇ ಚಪ್ಪಾಳೆ ಹೊಡೆದೆ. ಹೊಟ್ಟೆಕಿಚ್ಚು ಆರಿರಲಿಲ್ಲ. ಅವಳಿಗೂ ಅದು ಗೊತ್ತಿತ್ತು.

"ಇನ್ನೊಂದು ತಗೋ," ಅಂದಳು.