ಮರಿತಾಯಮ್ಮನ ನಾರಿನ ಸಿಂಬೆ

ನನ್ನ ತಾತನ ಅಕ್ಕ ಮರಿತಾಯಮ್ಮನಿಗೆ ಎರಡು ಕಾಲೂ ಇರಲಿಲ್ಲ. ಹೀಗೆಂದ ಕೂಡಲೇ ಕೇಳಿದವರು ಲೊಚಗುಟ್ಟಿ "ಪಾಪ" ಅನ್ನುತ್ತಾರೆ. ಆ ಮಾತು ಅವಳಿಗೆ ಕಂಡರಾಗುತ್ತಿರಲಿಲ್ಲ, ಅಂದವರನ್ನು ಬಾಯಿತುಂಬ ಬೈದು ಕಳಿಸುತ್ತಿದ್ದಳು. ಅವಳು ಬದುಕಿದ್ದು ಹಟದಿಂದ. ಇನ್ನೂ ನಿಜ ಹೇಳಬೇಕೆಂದರೆ ಸೇಡಿನಿಂದ. ಸೇಡು ಒಳ್ಳೆಯದಲ್ಲ ಎಂದು ನನಗೆ ಬುದ್ಧಿ ಹೇಳಲು ಬಂದವರಿಗೆಲ್ಲ ನಾನು ಇವಳ ಕಥೆಯನ್ನೇ ಹೇಳಿದ್ದೇನೆ.

ನಮ್ಮದು ಮಳವಳ್ಳಿ ಕಡೆಯ ಒಕ್ಕಲು ಮನೆತನ. ಅವಳನ್ನು ಕೊಟ್ಟದ್ದು ಬೆಸಗರಹಳ್ಳಿಯ ಮಗ್ಗುಲಿನ ಒಂದು ಸಣ್ಣ ಊರಿಗೆ. ಗಂಡ ಚಲುವೇಗೌಡರು ಸಾಧುಪ್ರಾಣಿ. ಅವರ ಅಣ್ಣ ಕರೀಗೌಡ. ಇವನಿಗೆ ಬಹುವಚನ ಕೊಡಲು ನನ್ನ ಕೈ ಬರುವುದಿಲ್ಲ. ಅಣ್ಣತಮ್ಮಂದಿರು ಪಾಲಾದಾಗ ಊರವರ ಎದುರಿನಲ್ಲೇ ಹೊಲದ ನಡುವೆ ಎಲ್ಲೆಕಲ್ಲು ನೆಟ್ಟಿದ್ದರು. ಆಗ ಅದು ರಾಗಿ ಬೆಳೆಯುವ ಒಣಹೊಲ, ಯಾರ ಪಾಲಿಗೆ ಯಾವ ತುದಿ ಬಂದರೂ ಒಂದೇ. ಆಮೇಲೆ ನಾಲೆಯ ನೀರು ಬಂತು, ಹೊಲ ಗದ್ದೆಯಾಯಿತು, ನೀರು ಬಿಡುವ ತೂಬು ಚಲುವೇಗೌಡರ ಪಾಲಿನಲ್ಲಿ ಬಿತ್ತು. ಕರೀಗೌಡನ ಹೊಟ್ಟೆಯುರಿ ಅಲ್ಲಿಂದ ಶುರುವಾಯಿತು.

ಮೂವತ್ತೆಂಟನೇ ಇಸವಿಯಲ್ಲಿ ಒಂದು ದಿನ ಗಂಡ ಹೆಂಡತಿ ಇಬ್ಬರೂ ಕರೀಗೌಡನ ಎತ್ತಿನ ಗಾಡಿಯಲ್ಲಿ ಮದ್ದೂರಿನ ಸಂತೆಗೆ ಹೋಗಿ ಬರುತ್ತಿದ್ದರು. ಗಾಡಿ ಹೊಡೆಯುತ್ತಿದ್ದವನು ಅವನೇ. ರೈಲು ಕೂಗಿದ್ದಕ್ಕೆ ಎತ್ತುಗಳು ಬೆದರಿ ದಿಬ್ಬದಿಂದ ಕೆಳಕ್ಕೆ ನುಗ್ಗಿದವು. ಅವನು ಹಗ್ಗ ಬಿಟ್ಟು ಹಾರಿಕೊಂಡ. ಗಾಡಿ ಮಗುಚಿ ಚಲುವೇಗೌಡರು ಅಲ್ಲೇ ಹೋದರು. ಕಬ್ಬಿಣದ ಪಟ್ಟಿಯ ಗಾಲಿ ಹರಿದ ಮರಿತಾಯಮ್ಮನ ಎರಡು ಕಾಲನ್ನೂ ಮೈಸೂರಿನ ಆಸ್ಪತ್ರೆಯಲ್ಲಿ ಮಂಡಿಯ ಮೇಲಕ್ಕೆ ತೆಗೆದರು.

"ಗಾಡಿಯಿಂದ ಆರ್ಕೊಂಡಿದ್ಕೆ ನಾನು ಬಯ್ಯಕಿಲ್ಲ ಕಣ್ಲಾ, ಪ್ರಾಣದ ಬಯ ಯಾರ್ಗಿಲ್ಲ? ಆಮ್ಯಾಕೆ ಮಾಡುದ್ನಲ್ಲ, ಅದ್ಕೆ ಬುಡಕಿಲ್ಲ" ಎಂದು ಮುದಿವಯಸ್ಸಿನಲ್ಲೂ ನನಗೆ ಹೇಳುತ್ತಿದ್ದಳು.

ಆಮೇಲೆ ಅವನು ಮಾಡಿದ್ದು ಇದು. ಅವಳು ಆಸ್ಪತ್ರೆಯಲ್ಲಿ ಮಲಗಿದ್ದಾಗ, ತಮ್ಮನ ತಿಥಿ ಮುಗಿಯುವ ಮೊದಲೇ, ಎಲ್ಲೆಕಲ್ಲನ್ನು ಕಿತ್ತು ತೂಬಿನ ಆಚೆಗೆ ನೆಟ್ಟ. ತೂಬು ತಪ್ಪಿದರೆ ಗದ್ದೆಗೆ ನೀರಿಲ್ಲ, ಗದ್ದೆಯಿಲ್ಲದಿದ್ದರೆ ಅವಳಿಗೆ ಅನ್ನವಿಲ್ಲ. ಮಕ್ಕಳಿಲ್ಲದ, ಕಾಲಿಲ್ಲದ ವಿಧವೆ ತವರಿಗೆ ಹೋಗಿ ಮೂಲೆ ಸೇರುತ್ತಾಳೆ ಎಂಬುದು ಅವನ ಲೆಕ್ಕಾಚಾರ.

ಅವಳು ತವರಿನಲ್ಲಿ ಗಾಯ ಮಾಯುವಷ್ಟು ದಿನ ಮಾತ್ರ ಇದ್ದಳು. ಗಂಡನೂರಿನಲ್ಲಿ ಪಕ್ಕದ ಮನೆಯವಳಾದ ಅಂಕಮ್ಮನಿಂದ ಕಲ್ಲಿನ ಸುದ್ದಿ ಬಂದದ್ದೇ ತಡ, ನನ್ನ ತಾತ ಅವಳನ್ನು ಬೆನ್ನ ಮೇಲೆ ಹೊತ್ತು ಆ ಊರ ಪಟೇಲರ ಜಗಲಿಗೆ ತಂದು ಕೂರಿಸಿದರು. ನ್ಯಾಯ ಸೇರಿತು. ಕಲ್ಲು ನೆಟ್ಟಾಗ ಇದ್ದ ಹಿರಿಯರಲ್ಲಿ ಕೆಲವರು ಸತ್ತಿದ್ದರು, ಉಳಿದವರು ಕರೀಗೌಡನಿಗೆ ಹೆದರಿ ನೆಲ ನೋಡುತ್ತ ಕೂತರು.

"ಕಲ್ಲು ಮೊದ್ಲಿಂದ್ಲೂ ಅಲ್ಲೇ ಅದೆ. ಅಲ್ಲಾ ಅನ್ನೋರು ಮಣ್ಣೊತ್ಕೊಂಡು ಎಲ್ಲೆ ನಡೀಲಿ" ಎಂದ ಕರೀಗೌಡ.

ಎಲ್ಲೆಯ ಜಗಳ ಬೇರೆ ಹೇಗೂ ತೀರದಿದ್ದರೆ ಆ ಕಡೆ ಇದ್ದ ಕಟ್ಟಕಡೆಯ ದಾರಿ ಅದು. ಪಾಲುದಾರರು ಮಿಂದು ಒದ್ದೆಬಟ್ಟೆಯಲ್ಲಿ ಬಂದು, ತಕರಾರಿನ ನೆಲದ ಮಣ್ಣುಹೆಂಟೆಯೊಂದನ್ನು ತಲೆಯ ಮೇಲಿಟ್ಟುಕೊಂಡು, ತಾವು ಹೇಳುವ ಎಲ್ಲೆಯ ಉದ್ದಕ್ಕೂ ಹೋಗಬೇಕು. ಯಾರೂ ಮುಟ್ಟಬಾರದು, ಹೆಂಟೆ ಬೀಳಬಾರದು. ಸುಳ್ಳು ಹೊತ್ತವರಿಗೆ ಅದೇ ಮಣ್ಣು ಬಾಯಿಗೆ ಬೀಳುತ್ತದೆ ಎಂಬ ನಂಬಿಕೆ. ಅಕ್ಕನ ಪರವಾಗಿ ತಾನು ಹೊರುತ್ತೇನೆ ಎಂದು ತಾತ ಎದ್ದುನಿಂತರು. ಪಾಲಿಲ್ಲದವರು ಹೊರುವ ಹಾಗಿಲ್ಲ ಎಂದು ಪಟೇಲರು ಅವರನ್ನು ಕೂರಿಸಿದರು.

ಕರೀಗೌಡ ನಕ್ಕ. "ಗೋಣಿಚೀಲ ಎತ್ತಿ ಮಡಗ್ದಂಗೆ ಮಡುಗ್ಬೇಕು ಇವಳ್ನ. ಇವಳು ಎಲ್ಲೆ ನಡೀತಾಳಾ?"

ಅದುವರೆಗೆ ಬಾವನ ಎದುರು ಸೆರಗು ಸರಿಸಿ ಮಾತಾಡದಿದ್ದವಳು ಅವತ್ತು ಅವನ ಮುಖವನ್ನೇ ನೋಡಿದಳು. "ನಡೀತೀನಿ. ಬರೋ ಯುಗಾದಿ ಕಳೀಲಿ, ನಡೀತೀನಿ. ಪಟೇಲ್ರೇ, ಅಲ್ಲಿಗಂಟ ಈ ನ್ಯಾಯ ಮುಗೀತು ಅನ್ಬೇಡಿ."

ಪಟೇಲರು ಒಪ್ಪಿದರು. ಅವಳು ಅಂದುದನ್ನು ಮಾಡಿಯಾಳು ಎಂದು ಅವರಿಗೂ ಅನ್ನಿಸಿರಲಿಲ್ಲ.

ಅಂಗೈ ಊರಿ ಮೈಯನ್ನು ಎತ್ತಿ ಮುಂದಕ್ಕೆ ಇಟ್ಟರೆ ಚಲಿಸಬಹುದು ಎಂಬುದು ಅವಳಿಗೆ ಬೇಗ ತಿಳಿಯಿತು. ಆದರೆ ಗಂಡನ ಮನೆಯ ಪಡಸಾಲೆಯಿಂದ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅಂಗೈ ಕಿತ್ತುಬಂತು, ಕೂರುವ ಎಲುಬಿನ ಮೇಲಿನ ಚರ್ಮ ಒಡೆದು ಹುಣ್ಣಾಯಿತು. ಕೂರಲೂ ಆಗದು, ಮಲಗಲೂ ಆಗದು. ಅಂಕಮ್ಮ ಗೋಣಿಯಲ್ಲಿ ಭತ್ತದ ಹುಲ್ಲು ತುಂಬಿ ಮೆತ್ತೆ ಹೊಲಿದುಕೊಟ್ಟಳು. ಒಂದು ವಾರಕ್ಕೆ ಹುಲ್ಲು ಪುಡಿಯಾಗಿ ಚುಚ್ಚತೊಡಗಿತು. ಮಳವಳ್ಳಿಯಿಂದ ತಾತ ಹತ್ತಿಯ ದಿಂಬು ತಂದುಕೊಟ್ಟರು. ಅದು ಒಣಗಿದ್ದಾಗ ಸುಖವಾಗಿತ್ತು, ಒದ್ದೆಯಾದರೆ ಗಂಟುಗಟ್ಟಿ ಕಲ್ಲಾಗುತ್ತಿತ್ತು. ಎಲ್ಲೆ ನಡೆಯಬೇಕಾದದ್ದು ಒದ್ದೆಬಟ್ಟೆಯಲ್ಲಿ.

ಉತ್ತರ ಸಿಕ್ಕಿದ್ದು ಬಾವಿಯ ದಾರಿಯಲ್ಲಿ. ಹೆಂಗಸರು ತಲೆಯ ಮೇಲೆ ಸಿಂಬೆ ಇಟ್ಟು ಅದರ ಮೇಲೆ ಕೊಡ ಹೊತ್ತು ಹೋಗುವುದನ್ನು ಅವಳು ಜಗಲಿಯಲ್ಲಿ ಕೂತು ನೋಡುತ್ತಿದ್ದಳು. ಬಟ್ಟೆಯನ್ನು ಬಳೆಯ ಹಾಗೆ ಸುತ್ತಿದರೆ ಸಿಂಬೆ. ಕೊಡದ ತಳ ಅದರ ನಡುವಿನ ಹಳ್ಳದಲ್ಲಿ ಕೂರುತ್ತದೆ, ನೆತ್ತಿಗೆ ತಾಗುವುದಿಲ್ಲ.

"ಅಂಕೀ, ಕೊಡುಕ್ಕೆ ಸಿಂಬೆ ಇಡ್ತೀರಿ, ನಂಗ್ಯಾಕೆ ಇಡಾಕಿಲ್ಲ?" ಎಂದು ಕೂಗಿದಳು.

ಅಂಕಮ್ಮ ಕೊಡ ಇಳಿಸಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಇಬ್ಬರೂ ಕೂತು ತೆಂಗಿನ ನಾರನ್ನು ಬಿಡಿಸಿದರು. ನಾರು ನೆನೆದರೂ ಅಮುಕಿದರೂ ಮತ್ತೆ ಉಬ್ಬುತ್ತದೆ. ಎಲುಬು ಎರಡು ಕಡೆ ಊರುವುದರಿಂದ ಎರಡು ಹಳ್ಳ ಬಿಟ್ಟು ಸುತ್ತಿದರು. ಬಿಚ್ಚಿ ಸುತ್ತಿ, ಸುತ್ತಿ ಬಿಚ್ಚಿ, ಆ ಮಳೆಗಾಲ ಅದರಲ್ಲೇ ಕಳೆಯಿತು. ಕೊನೆಗೊಂದು ದಿನ ಕೂತವಳು ಊಟದ ಹೊತ್ತಾದರೂ ಮಗ್ಗುಲು ಬದಲಿಸಲಿಲ್ಲ. ಹುಣ್ಣು ಮಾಯತೊಡಗಿತು.

ಅಂಗೈಗೆ ನೇಗಿಲು ಮಾಡುವ ಆಚಾರಿಯಿಂದ ಜಾಲಿಮರದ ಎರಡು ಕೈಮಣೆ ಮಾಡಿಸಿದಳು. ಮೇಲೆ ಹಿಡಿ, ಕೆಳಗೆ ಕೆಸರಿನಲ್ಲಿ ಹೂತುಹೋಗದಷ್ಟು ಅಗಲದ ತಳ. ಅವನ ಕೈಯಲ್ಲೇ ನಾಲ್ಕು ಸಣ್ಣ ಗಾಲಿಯ ಹಲಗೆಯನ್ನೂ ಮಾಡಿಸಿದಳು. ಅದರ ಮೇಲೆ ಸಿಂಬೆ ಹಾಕಿ ಕೂತು ಕೈಮಣೆಯಿಂದ ನೆಲ ತಳ್ಳಿದರೆ ಬೀದಿಯಲ್ಲಿ ಸರಾಗವಾಗಿ ಓಡುತ್ತಿತ್ತು. ಯಾರೂ ಎತ್ತದೆ ಅವಳು ಊರೊಳಗೆ ಓಡಾಡಿದ್ದು ಆಗಲೇ. ಆ ಉಮೇದಿನಲ್ಲಿ ಗದ್ದೆಗೂ ಹೋದಳು. ಬದುವಿನ ಮೇಲೆ ಗಾಲಿ ಮುಳುಗಿ ನಿಂತಿತು. ಹಿಂದಕ್ಕೂ ಬಾರದು, ಮುಂದಕ್ಕೂ ಹೋಗದು. ಆಚೆಯ ಗದ್ದೆಮಡಿಯಲ್ಲಿ ಕರೀಗೌಡ ಗುದ್ದಲಿ ಊರಿಕೊಂಡು ನಿಂತು, ಅಂಕಮ್ಮ ಬಂದು ಎಳೆದುಕೊಂಡು ಹೋಗುವ ತನಕ ನೋಡುತ್ತಿದ್ದ. ನಗುತ್ತಿದ್ದ. ಆ ನಗುವನ್ನು ಅವಳು ಸಾಯುವ ತನಕ ಮರೆಯಲಿಲ್ಲ.

ಬೀದಿಗೆ ಗಾಲಿ, ಗದ್ದೆಗೆ ಕೈ ಎಂದು ತೀರ್ಮಾನಿಸಿದಳು. ನೆಲಕ್ಕೆ ಉಜ್ಜಿದರೆ ಸಿಂಬೆ ಬಾಳುವುದಿಲ್ಲವಲ್ಲ, ಅದಕ್ಕೊಂದು ಗಟ್ಟಿ ಹೊದಿಕೆ ಬೇಕಿತ್ತು. ಮದ್ದೂರಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುವ ದೇವಯ್ಯನ ಹತ್ತಿರ ಹೋಗಿ ಪಕ್ಕದಲ್ಲೇ ಕೂತಳು. ಒಕ್ಕಲಗಿತ್ತಿ ಹೀಗೆ ಬಂದು ಕೂತದ್ದು ಕಂಡು ಅವನಿಗೆ ಗಾಬರಿಯಾಯಿತು.

"ಅವ್ವಾ, ನೀವಿಲ್ಲಿ ಕುಂತ್ರೆ ನಿಮ್ ಜನ ಏನಂದಾರು?"

"ನನ್ ಜನ ಅನ್ನೋದನ್ನೆಲ್ಲ ಆಗ್ಲೇ ಅಂದವ್ರೆ. ನೀನು ಅಳತೆ ತಕ್ಕಾ."

ದೇವಯ್ಯ ಬಸ್ಸಿನ ಹಳೆಯ ಟೈರಿನ ತಳ, ಎಮ್ಮೆ ತೊಗಲಿನ ಮೈ, ಸೊಂಟಕ್ಕೆ ಬಿಗಿಯುವ ಪಟ್ಟಿ ಇಟ್ಟು ಒಳಗೆ ಸಿಂಬೆ ಕೂರುವ ಹಾಗೆ ಹೊಲಿದುಕೊಟ್ಟ. ಅದನ್ನು ಕಟ್ಟಿಕೊಂಡು, ತಲೆಯ ಮೇಲೆ ಹೆಂಟೆ ಇಟ್ಟುಕೊಂಡು, ಅವಳು ಹಿತ್ತಲಿನಲ್ಲಿ ಅಭ್ಯಾಸ ಮಾಡಿದಳು. ಮೊದಮೊದಲು ಹೆಂಟೆ ಉರುಳಿ ಬಿದ್ದು ಒಡೆಯುತ್ತಿತ್ತು. ನೀರು ಹೊತ್ತು ಬೆಳೆದ ಕತ್ತು, ಸ್ವಲ್ಪ ದಿನದಲ್ಲಿ ಹದ ಕಂಡುಕೊಂಡಿತು.

ಯುಗಾದಿ ಕಳೆಯಿತು. ಗೊತ್ತುಮಾಡಿದ ಬೆಳಿಗ್ಗೆ ಊರೆಲ್ಲ ಬದುವಿನ ಮೇಲೆ ನಿಂತಿತ್ತು. ಅವಳು ನಾಲೆಯಲ್ಲಿ ಮಿಂದು ಒದ್ದೆ ಸೀರೆಯಲ್ಲಿ ಬಂದು ಪಟ್ಟಿ ಬಿಗಿದುಕೊಂಡಳು. ಆಗ ಕರೀಗೌಡ ಮುಂದೆ ಬಂದ.

"ಪಟೇಲ್ರೇ, ಮೆಟ್ಟು ಆಕ್ಕೊಂಡು ಮಣ್ಣೊರೋದುಂಟಾ? ಅವಳ ಕುಂಡಿ ಕೆಳಗಿರೋದು ತೊಗಲಲ್ವಾ?"

ಆಣೆಯ ನೆಲವನ್ನು ಚಪ್ಪಲಿ ಮೆಟ್ಟಿ ತುಳಿಯಬಾರದು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಒಂದು ವರ್ಷ ಎಲ್ಲವನ್ನೂ ಯೋಚಿಸಿದ ಮರಿತಾಯಮ್ಮನಿಗೆ ಅದು ಮಾತ್ರ ಹೊಳೆದಿರಲಿಲ್ಲ. ತನಗೆ ಪಾದವೇ ಇಲ್ಲದ ಮೇಲೆ ಮೆಟ್ಟಿನ ಮಾತು ಎಲ್ಲಿಂದ ಬರಬೇಕು? ಪಟೇಲರು ಕಷ್ಟಪಟ್ಟು, "ಬಿಚ್ಬೇಕಾಯ್ತದೆ ಕಣಮ್ಮಿ" ಎಂದರು. ಇನ್ನೊಂದು ದಿನ ನೋಡೋಣ ಎಂದೂ ಸೇರಿಸಿದರು.

"ಇವತ್ತೇ" ಎಂದಳು. ತೊಗಲು ಬಿಚ್ಚಿ ಅವನ ಕಾಲ ಬಳಿಗೆ ಎಸೆದಳು. ಬರಿಯ ನಾರಿನ ಸಿಂಬೆಯನ್ನು ಸೆರಗಿನಿಂದ ಸೊಂಟಕ್ಕೆ ಬಿಗಿದು, ಹೆಂಟೆಯನ್ನು ತಾನೇ ತಲೆಗೇರಿಸಿಕೊಂಡಳು.

ಕೈಮಣೆ ಊರುವುದು, ಮೈ ಎತ್ತುವುದು, ಮುಂದಕ್ಕಿಡುವುದು. ಬದುವಿನ ಮುಳ್ಳು, ಕೊಯ್ದ ಭತ್ತದ ಕೂಳೆ, ತೊಡೆಯ ತುದಿಯನ್ನು ಗೀರಿದವು. ಸಿಂಬೆ ನೆನೆದು ಭಾರವಾದರೂ ಎಲುಬನ್ನು ನೆಲ ಮುಟ್ಟಗೊಡಲಿಲ್ಲ. ಅರ್ಧ ದಾರಿಯಲ್ಲಿ ಸೀರೆ ಕೆಂಪಾದದ್ದನ್ನು ಕಂಡು ಅಂಕಮ್ಮ ಅಳುತ್ತ ಓಡಿಬಂದಳು. "ಮುಟ್ಟಬ್ಯಾಡ!" ಎಂದು ಮರಿತಾಯಮ್ಮ ಕತ್ತು ಅಲುಗಿಸದೆ ಗದರಿದಳು. ತೂಬಿನ ಈಚೆಗೆ, ಹಳೆಯ ಕಲ್ಲು ಇದ್ದ ಜಾಗದ ತನಕ ಹೋಗಿ ಹೆಂಟೆ ಇಳಿಸಿದಳು. ಆಮೇಲೆ ತಿರುಗಿ ಕೂತಳು.

"ನನ್ದಾಯ್ತು. ಈಗ ನೀನು ಒತ್ಕೊಂಡು ನಡಿ ಬಾವ, ನೀನು ನೆಟ್ಟಿರೋ ಕಲ್ಲಿನ ತಾವಿಂದ. ನಿಂಗೆ ಎರಡು ಕಾಲ್ ಅವೆ."

ಅವನು ಹೆಂಟೆಯನ್ನು ನೋಡಿದ, ಜನರನ್ನು ನೋಡಿದ, ಬಗ್ಗಲಿಲ್ಲ. ಬೆವರು ಒರೆಸಿಕೊಂಡು ಮನೆಯ ಕಡೆ ನಡೆದ. ಮಧ್ಯಾಹ್ನದೊಳಗೆ ಪಟೇಲರು ಕಲ್ಲನ್ನು ಹಳೆಯ ಜಾಗಕ್ಕೆ ನೆಡಿಸಿದರು.

ಅವಳ ಗಾಯ ಮಾಯಿತು. ಕೋಪ ಮಾಯಲಿಲ್ಲ. ತೊಗಲಿನ ಹೊದಿಕೆ ಕಟ್ಟಿಕೊಂಡು ಗದ್ದೆಗೆ ಹೋಗಿ, ಕೂತೇ ಕಳೆ ಕಿತ್ತು, ಕೂತೇ ಆಳುಗಳನ್ನು ಗದರಿ ಬೇಸಾಯ ಮಾಡಿದಳು. ಎರಡು ವರ್ಷ ಕಳೆದ ಮೇಲೆ ಕರೀಗೌಡನಿಗೆ ಲಕ್ವ ಹೊಡೆಯಿತು. ಬಲಭಾಗ ಬಿದ್ದುಹೋಯಿತು, ಮಾತು ನಿಂತಿತು. ಮಣ್ಣಿನ ಆಣೆ ತಟ್ಟಿತು ಎಂದು ಊರು ಮಾತಾಡಿಕೊಂಡಿತು.

"ದ್ಯಾವ್ರು ಮಾಡಿದ್ರೆ ಅದು ದ್ಯಾವ್ರ ಸೇಡು. ನನ್ದು ಇನ್ನೂ ಬಾಕಿ ಅದೆ" ಎಂದಳಂತೆ ಅಂಕಮ್ಮನ ಹತ್ತಿರ.

ಮಲಗಿದ್ದಲ್ಲೇ ಮಲಗಿ ಅವನ ಬೆನ್ನಿಗೂ ಕುಂಡಿಗೂ ಹುಣ್ಣು ಬಿದ್ದವು. ವಾಸನೆಗೆ ಮಕ್ಕಳೇ ಹತ್ತಿರ ಸುಳಿಯದಾದರು. ಅವನ ಹೆಂಡತಿ ಚಿಕ್ಕಬೋರಮ್ಮ ಒಂದು ಸಂಜೆ ಬಂದು ಮರಿತಾಯಮ್ಮನ ಬಾಗಿಲಲ್ಲಿ ನಿಂತಳು.

"ತಾಯೀ, ಯಾವ ಮುಕ ಇಟ್ಕೊಂಡು ಕೇಳ್ಲಿ? ನಿನ್ನ ಸಿಂಬೆ ಒಂದು ಮಾಡ್ಕೊಡವ್ವ. ಇಂಗೇ ಬುಟ್ರೆ ಈ ತಿಂಗ್ಳು ಕಳೆಯಾಕಿಲ್ಲ ಅವ್ರು."

ಅಂಕಮ್ಮ ಅಲ್ಲೇ ಇದ್ದಳು. ಇನ್ನೇನು ಬೈಗುಳದ ಮಳೆ ಎಂದುಕೊಂಡಳಂತೆ. ಮರಿತಾಯಮ್ಮ ಬೈಯಲಿಲ್ಲ.

"ತಿಂಗ್ಳೊಳಗೆ ಸಾಯಕ್ಕೆ ಬುಡಬ್ಯಾಡ ಅಕ್ಕ" ಎಂದಳು.

ಹೊಸ ನಾರು ತರಿಸಿ ತನ್ನ ಕೈಯಾರೆ ಸುತ್ತಿದಳು, ತನಗೆ ಮಾಡಿಕೊಂಡದ್ದಕ್ಕಿಂತ ಚೆನ್ನಾಗಿ. ಬೆನ್ನಿಗೆ ಒರಗುಹಲಗೆ, ಬಿದ್ದ ಕೈ ಇಡಲು ಒಂದು ಮಣೆ, ಪಕ್ಕಕ್ಕೆ ವಾಲದ ಹಾಗೆ ಎದೆಗೊಂದು ಪಟ್ಟಿ, ಎಲ್ಲವನ್ನೂ ಆಚಾರಿಗೆ ಹೇಳಿ ಮಾಡಿಸಿದಳು. ಗಾಲಿಹಲಗೆಯ ಮೇಲೆ ತಾನೇ ತಂದುಕೊಟ್ಟಳು. ಹುಣ್ಣಿಗೆ ಅರಿಸಿನ ಬೇವು ಅರೆದು ಹಚ್ಚುವುದನ್ನು, ಆಗಾಗ ಎತ್ತಿ ಮೈ ಹಗುರ ಮಾಡುವುದನ್ನು ಚಿಕ್ಕಬೋರಮ್ಮನಿಗೆ ಕಲಿಸಿದಳು. ಊರವರು ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು ಎಂದರು.

"ಒಳಗೆ ಮಲಗುಸ್ಬ್ಯಾಡ ಅಕ್ಕ, ಗಾಳಿ ಆಡ್ಬೇಕು. ಜಗಲಿ ಮ್ಯಾಲೆ ಕುಂಡ್ರುಸು" ಎಂದಳು. ಹೇಗೆ ಕೂರಿಸಬೇಕೆಂದು ತಾನೇ ತೋರಿಸಿ, ಒರಗುಹಲಗೆಯನ್ನು ತಿರುಗಿಸಿ ಇಡಿಸಿದಳು. ಅವನ ಜಗಲಿ ಊರಿನ ಕೊನೆಯಲ್ಲಿತ್ತು. ಅಲ್ಲಿಂದ ನೇರ ಎದುರಿಗೆ ನಾಲೆ, ಎಲ್ಲೆಕಲ್ಲು, ಅದರಾಚೆ ತೂಬು, ಅವಳ ಹಸಿರು ಗದ್ದೆ. ಎದೆಯ ಪಟ್ಟಿ ಇದ್ದದ್ದರಿಂದ ಅವನು ಪಕ್ಕಕ್ಕೆ ವಾಲುವಂತಿರಲಿಲ್ಲ, ಲಕ್ವ ಹೊಡೆದ ಕತ್ತು ಹೊರಳುತ್ತಿರಲಿಲ್ಲ.

ದಿನಾ ಬೆಳಿಗ್ಗೆ ಗದ್ದೆಗೆ ಹೋಗುವಾಗ ಜಗಲಿಯ ಮುಂದೆ ಹಲಗೆ ನಿಲ್ಲಿಸುತ್ತಿದ್ದಳು. ಸಿಂಬೆ ಜಗ್ಗಿದೆಯೇ, ಪಟ್ಟಿ ಸಡಿಲವಾಗಿದೆಯೇ ಎಂದು ಚಿಕ್ಕಬೋರಮ್ಮನನ್ನು ವಿಚಾರಿಸುತ್ತಿದ್ದಳು. ಆಮೇಲೆ ಅವನ ಮುಖ ನೋಡಿ ಕೇಳುತ್ತಿದ್ದಳು.

"ಸುಕವಾಗಿ ಕುಂತಿದ್ದೀಯಾ ಬಾವ? ಎಲ್ಲಾ ಕಾಣ್ತದಾ?"

ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಉಪಕಾರ ನೆನೆದು ಅಳುತ್ತಾರೆ ಎಂದು ಚಿಕ್ಕಬೋರಮ್ಮ ಸೆರಗಿನಿಂದ ಒರೆಸುತ್ತಿದ್ದಳು. ಮರಿತಾಯಮ್ಮ ನೆಲ ತಳ್ಳಿಕೊಂಡು, ಅವನ ಕಣ್ಣೆದುರಿಗೇ, ಗದ್ದೆಯ ಕಡೆ ಹೋಗುತ್ತಿದ್ದಳು.

ಹುಣ್ಣು ಮಾಯಿತು. ತಿಂಗಳು ಕಳೆಯುವುದಿಲ್ಲ ಅನ್ನಿಸಿಕೊಂಡಿದ್ದವನು ನಾಲ್ಕು ಬೆಳೆ ನೋಡಿದ. ನಲವತ್ತೈದರಲ್ಲಿ, ಅವಳ ಗದ್ದೆಯ ನಾಟಿ ಮುಗಿದ ವಾರ, ಕೂತಲ್ಲೇ ಪ್ರಾಣ ಬಿಟ್ಟ.

ಸುದ್ದಿ ತಂದ ಅಂಕಮ್ಮ, "ಓಗ್ಲಿ ಬುಡವ್ವ, ನಿನ್ ಸೇಡು ತೀರ್ತಲ್ಲ" ಎಂದಳು.

ಮರಿತಾಯಮ್ಮನ ಮುಖದಲ್ಲಿ ಕಂಡದ್ದು ದುಃಖವೇ ಎಂದು ಅಂಕಮ್ಮ ಹೇಳುತ್ತಿದ್ದಳು.

"ಇನ್ನೂ ಕುಂತಿರ್ಬೋದಾಗಿತ್ತು ಕಣಮ್ಮಿ" ಎಂದಳಂತೆ ಮರಿತಾಯಮ್ಮ. "ಸಿಂಬೆ ಇನ್ನೂ ಗಟ್ಟಿಯಾಗಿತ್ತು."