ಮಾತು ಬಂದ ಮೇಲೆ ಊರಿಗೆ

ಹೈದರಾಬಾದಿನಲ್ಲಿ ನಮ್ಮ ಮೊದಲ ಬೆಳಿಗ್ಗೆ. ಸಾಮಾನು ಇನ್ನೂ ಬಿಚ್ಚಿರಲಿಲ್ಲ. ಮನೆಯೊಡತಿ ಮಾತಾಡಿಸುವ ನೆಪದಲ್ಲಿ ಒಳಗೆ ಬಂದು, ನನ್ನ ಮಗಳ ಬೆನ್ನ ಹಿಂದೆ ನಿಂತು, ಕೈಯಲ್ಲಿದ್ದ ಸ್ಟೀಲ್ ಪರಾತವನ್ನು ನೆಲಕ್ಕೆ ಬಿಟ್ಟಳು. ಅದು ಜಾರಿ ಬಿದ್ದದ್ದಲ್ಲ, ಬೇಕೆಂದೇ ಬಿಟ್ಟದ್ದು. ನಮ್ಮವರು ಬೆಚ್ಚಿ ಎದ್ದು ನಿಂತರು, ಕಿಟಕಿಯಲ್ಲಿದ್ದ ಬೆಕ್ಕು ಹೊರಗೆ ಹಾರಿತು. ನಾಲ್ಕು ವರ್ಷದ ಜಯಶ್ರೀ ಮಾತ್ರ ತಿರುಗಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

“ಏಮ್ಮಾ, ಪಿಲ್ಲಕಿ ಚೆವುಡಾ?” ಎಂದಳು ಮನೆಯೊಡತಿ. ಕೂಸು ಕಿವುಡೇನು ಎಂದು ಅರ್ಥ. ಈ ಊರು ನನಗೆ ಕಲಿಸಿದ ಮೊದಲ ತೆಲುಗು ಮಾತು ಇದು. ಆಕೆ ಪರಾತ ಎತ್ತಿಕೊಂಡು ಹೋದಳು. ನಾನು ಮಗಳೆದುರಿಗೇ ಅತ್ತುಬಿಟ್ಟೆ.

ಕಿವುಡು ಮಕ್ಕಳಿಗೆ ಮಾತು ಕಲಿಸುವ ಕ್ಲಿನಿಕ್ ಆಂಧ್ರದ ರಾಜಧಾನಿಯಲ್ಲಿದೆ ಎಂದು ಯಾರೋ ಹೇಳಿದ್ದೇ ತಡ, ನಮ್ಮವರು ಇಲ್ಲಿಯ ರಕ್ಷಣಾ ಕಾರ್ಖಾನೆಯಲ್ಲಿ ಫಿಟರ್ ಕೆಲಸ ಹಿಡಿದಿದ್ದರು. ಬಾಗಲಕೋಟೆಯ ಬಸ್ ಸ್ಟ್ಯಾಂಡಿನಲ್ಲಿ ನಮ್ಮತ್ತೆ ಉಡಿ ತುಂಬಿ ಹೇಳಿದ್ದಿಷ್ಟೇ: “ಕೂಸಿಗಿ ನಾಕ್ ಮಾತ್ ಬರ್ಲಿ, ಆಮ್ಯಾಲ ಒಂದ್ ದಿನಾನೂ ನಿಲ್ಲಬ್ಯಾಡ್ರಿ. ಹೊಳ್ಳಿ ಬಂದ್ ಬಿಡ್ರಿ.” ಆ ಮಾತನ್ನು ನಾನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದೆ. ಅದೊಂದಿಲ್ಲದಿದ್ದರೆ ಈ ಊರಿನಲ್ಲಿ ವಾರ ಕಳೆಯುತ್ತಿರಲಿಲ್ಲ.

ಮೆಹದಿಪಟ್ಟಣದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನಮ್ಮ ಎರಡು ಕೋಣೆ. ಮೂರನೆಯದೊಂದು ಇದೆ, ಅದಕ್ಕೆ ಮನೆಯೊಡತಿಯ ಬೀಗ. ಊರಿಗೆ ಬಂದವಳು ನೀರಿಗೆ ಬರದೇ ಇರುತ್ತಾಳೆಯೇ ಎಂಬ ಗಾದೆ ನಮ್ಮ ಕಡೆಯದು. ಇಲ್ಲಿ ನೀರಿಗೆ ಬಂದವಳನ್ನು ಕೊಡ ಸಮೇತ ಹಿಂದಕ್ಕೆ ದಬ್ಬುತ್ತಾರೆ. ನಾನು ರೊಟ್ಟಿ ಬಡಿಯಲು ಕೂತರೆ ಸಾಕು, “ಗೋಡೆ ಬಿರುಕು ಬಿಡುತ್ತದೆ” ಎಂದು ಆಚೆಯಿಂದ ಕೂಗು. ನಮ್ಮಲ್ಲಿ ಪಕ್ಕದ ಮನೆಯ ರೊಟ್ಟಿಯ ಸಪ್ಪಳ ನಿಂತರೆ “ಯಾಕ್ರೀ, ಮೈಯಾಗ ಆರಾಮಿಲ್ಲೇನು?” ಎಂದು ಕೇಳಿಕೊಂಡು ಬರುತ್ತಾರೆ. ಇವರ ಸಾರು, ಚಟ್ನಿ, ಪಲ್ಯ ಎಲ್ಲದರಲ್ಲೂ ಹುಳಿ. ಮನುಷ್ಯರೂ ಅದನ್ನೇ ತಿಂದು ಹಾಗಾಗಿರಬೇಕು.

ಕ್ಲಿನಿಕ್ಕಿನ ಮೇಡಮ್ಮು ಮೊದಲ ದಿನವೇ ಎರಡು ಕಟ್ಟಪ್ಪಣೆ ಮಾಡಿದಳು. ಒಂದು, ಮನೆಯಲ್ಲಿ ಕನ್ನಡ ಬಂದ್. ಕಿವಿ ಕೇಳದ ಮಗುವಿಗೆ ಒಂದೇ ಭಾಷೆ ಸಾಕು, ಮುಂದೆ ಶಾಲೆ ತೆಲುಗಿನಲ್ಲಿ, ಹಾಗಾಗಿ ತಾಯಿಯೂ ತೆಲುಗನ್ನೇ ಆಡಬೇಕು. ಎರಡು, ಕೈಸನ್ನೆ ಕೂಡದು. ಕೈ ಆಡಿದರೆ ಬಾಯಿ ಸೋಮಾರಿಯಾಗುತ್ತದಂತೆ. ನನಗೋ ತೆಲುಗು ಎಂದರೆ ಪರಾತದ ದಿನ ಕಲಿತ ಒಂದು ವಾಕ್ಯ. “ನನಗs ಬರಂಗಿಲ್ಲ, ಅಕಿಗಿ ಹ್ಯಾಂಗ ಕಲಸ್ಲಿ?” ಎಂದು ನಮ್ಮವರನ್ನು ಕೇಳಿದೆ. “ಅವರು ಕಲ್ತವ್ರು, ಹೇಳಿದಂಗ ಮಾಡೂಣು” ಎಂದರು. ಮಾಡಿದೆವು.

ಕನ್ನಡಿಯ ಮುಂದೆ ಮಗಳನ್ನು ಕೂರಿಸಿಕೊಂಡು, ತುಟಿಯ ಹತ್ತಿರ ಕಾಗದದ ಚೂರು ಹಿಡಿದು “ಪಾ” ಎನ್ನಬೇಕು, ಕಾಗದ ಅಲುಗಬೇಕು. ನೀವೂ ಕನ್ನಡಿಯ ಮುಂದೆ ನಿಂತು ಸದ್ದು ಮಾಡದೆ ಪಾ, ಬಾ, ಮಾ ಅಂದು ನೋಡಿ. ತುಟಿಗೆ ಮೂರೂ ಒಂದೇ. ಈ ಒಂದೇ ತುಟಿಯನ್ನು ನೋಡಿ ನನ್ನ ಮಗಳು ಮೂರು ಅಕ್ಷರ ಆರಿಸಬೇಕು, ಅದೂ ತೆಲುಗು ಬಾರದ ತಾಯಿಯ ತುಟಿಯಿಂದ. ವರ್ಷಗಟ್ಟಲೆ ಕಾಗದ ಅಲುಗಿಸಿದರೂ ಅವಳಿಗೆ ಬಂದದ್ದು ನೀರಿಗೊಂದು, ಅನ್ನಕ್ಕೊಂದು, ಅಮ್ಮನಿಗೊಂದು ಸದ್ದು. ಅವೂ ನನಗಲ್ಲದೆ ಬೇರೆಯವರಿಗೆ ತಿಳಿಯುತ್ತಿರಲಿಲ್ಲ. ಕೂಸಿಗೆ ಮಾತು ಬರಲಿಲ್ಲ, ನನ್ನ ಮಾತೂ ಹೋಯಿತು. ಕನ್ನಡ ಆಡಬೇಕೆನಿಸಿದರೆ ಸ್ಟವ್‌ಗೆ ಪಂಪ್ ಹೊಡೆಯುತ್ತ ಅದನ್ನೇ ಬೈಯುತ್ತಿದ್ದೆ.

ಮುಂದೆ ಕಿವುಡು ಮಕ್ಕಳ ಶಾಲೆಗೆ ಸೇರಿಸಿದೆವು. ಅಲ್ಲೂ ಕ್ಲಾಸಿನಲ್ಲಿ ಕೈ ಕಟ್ಟಿಯೇ ಕೂರಬೇಕು. ಆದರೆ ಸಂಜೆ ಶಾಲೆಯ ಬಸ್ಸು ಬಂದು ನಿಂತಾಗ ಕಿಟಕಿಯೊಳಗೆ ಹತ್ತಾರು ಕೈಗಳು ಗುಬ್ಬಿ ಎದ್ದ ಹಾಗೆ ಪಟಪಟನೆ ಆಡುತ್ತಿದ್ದವು. ಜಯಶ್ರೀಯ ಕೈ ಎಲ್ಲಕ್ಕಿಂತ ಜೋರು. ಕೆಳಗಿಳಿದು ನನ್ನನ್ನು ಕಂಡೊಡನೆ ಎರಡೂ ಕೈ ಹಿಂದೆ. ಅವಳು ಏನೋ ಹೇಳುತ್ತಿದ್ದಳು, ಅದು ನನಗಲ್ಲ ಎಂಬುದು ಮಾತ್ರ ನನಗೆ ಗೊತ್ತಾಗುತ್ತಿತ್ತು. ಹೊಟ್ಟೆ ಉರಿಯುತ್ತಿತ್ತು.

ಅವಳಿಗೆ ಒಂಬತ್ತಾದಾಗ ಫರ್ಹಾನಾ ಎಂಬ ಹುಡುಗಿ ನಮ್ಮ ಮನೆಗೆ ಬಂದಳು. ಕಿವುಡು ಮಕ್ಕಳು ಭಾಷೆಯನ್ನು ಹೇಗೆ ಕಲಿಯುತ್ತಾರೆ ಎಂಬುದರ ಮೇಲೆ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಿದ್ದವಳು. ಅವಳ ತಂದೆತಾಯಿ ಇಬ್ಬರೂ ಕಿವುಡರಂತೆ. ಮತ್ತೊಂದು ಪರಾತ ಬೀಳಿಸಲು ಬಂದವಳು ಎಂದುಕೊಂಡು ನಾನು ಬಾಗಿಲಲ್ಲೇ ತಡೆದೆ.

“ಕೈಕು ಗುಸ್ಸಾ ಆಪಾ? ದೋ ಬಾತಾಂ ಕರ್‌ಕೇ ಜಾತೀ ಮೈ” ಎಂದಳು. ಯಾಕೆ ಸಿಟ್ಟು ಅಕ್ಕಾ, ಎರಡು ಮಾತಾಡಿ ಹೋಗುತ್ತೇನೆ ಎಂದು. ನಮ್ಮೂರಿನ ಹಣ್ಣು ಮಾರುವ ಬಾಗವಾನರ ಓಣಿಯಲ್ಲಿ ಕೇಳುತ್ತಿದ್ದ ದಖ್ಖನಿ ಉರ್ದು ಅದು. ಎಷ್ಟೋ ವರ್ಷದ ಮೇಲೆ ತಿಳಿಯುವ ಮಾತೊಂದು ಬಾಗಿಲಿಗೆ ಬಂದಿತ್ತು. ಒಳಗೆ ಬಿಟ್ಟೆ.

ಅವಳು ಚಿತ್ರದ ಕಾರ್ಡುಗಳನ್ನು ಹರಡಿ, ಕೈಯಿಂದಲೇ ಏನೋ ಕೇಳಿದಳು. ಜಯಶ್ರೀ ನನ್ನ ಕಡೆ ನೋಡಿದಳು. ಕೈ ಆಡಿಸಬೇಡ ಎಂದು ನಾನು ಈ ಸಲ ತಡೆಯಲಿಲ್ಲ. ಆಮೇಲೆ ಜಯಶ್ರೀ ಕಾರ್ಡುಗಳನ್ನು ಬದಿಗೆ ಸರಿಸಿ ಎದ್ದು ನಿಂತಳು. ಇಲ್ಲದ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಹೊಟ್ಟೆ ಮುಂದೆ ಮಾಡಿದಳು, ಮೂಗಿಗೆ ನತ್ತು ಇಟ್ಟಳು. ಥೇಟ್ ಮನೆಯೊಡತಿ! ನನಗೆ ನಗು ತಡೆಯಲಾಗಲಿಲ್ಲ. ಮರುಕ್ಷಣ ಅವಳ ಎರಡೂ ಕೈ ಏನನ್ನೋ ಹಿಡಿದು, ಬಿಟ್ಟವು. ನನ್ನ ನಗು ಅಲ್ಲಿಗೇ ನಿಂತಿತು.

ಜಯಶ್ರೀಯ ಕೈ ಹೇಳಿದ್ದನ್ನು ಫರ್ಹಾನಾ ಅವಳ ಮಾತಿನಲ್ಲೇ ಒಂದೊಂದಾಗಿ ಹೇಳುತ್ತ ಹೋದಳು: ನೆಲ ಕಾಲಿಗೆ ಧಡ್ ಎಂದಿತು. ಹಿಂದೆ ಏನೋ ಬಿದ್ದಿದೆ ಎಂದು ನನಗೆ ಗೊತ್ತಾಯಿತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ತಿರುಗಿದರೆ ನಾನೇ ಬೀಳಿಸಿದೆ ಎಂದು ಹೊಡೆಯುತ್ತಾರೆ ಅನ್ನಿಸಿತು, ಸುಮ್ಮನೆ ನಿಂತೆ. ಆಗ ಅಮ್ಮ ಅತ್ತಳು. ಯಾಕೆ ಅತ್ತಳು ಎಂದು ನನಗೆ ಯಾರೂ ಹೇಳಲಿಲ್ಲ.

ಐದು ವರ್ಷ ಜಯಶ್ರೀ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು. ನನ್ನ ಮುಂದೆ ಬಂದು ನಿಂತು, ಹುಬ್ಬು ಗಂಟಿಕ್ಕಿ, ಕೈಯಿಂದ ಅದನ್ನೇ ಕೇಳಿದಳು: ಯಾಕೆ?

“ನೀನs ಹೇಳವಾ ಅಕಿಗಿ” ಎಂದು ಫರ್ಹಾನಾಳಿಗೆ ಅಂಗಲಾಚಿದೆ. ಭಾಷೆ ತಿಳಿಯದಿದ್ದರೂ ನನ್ನ ದನಿಯಲ್ಲೇ ಅವಳಿಗೆ ತಿಳಿಯಿತು.

“ನಕ್ಕೋ ಆಪಾ. ಆಪಿಚ್ ಬೋಲೋ” ಎಂದಳು. ಬೇಡ, ನೀವೇ ಹೇಳಿ ಎಂದು.

ಹೆದರಿಕೆಗೆ ಯಾವ ಸನ್ನೆ ಎಂದು ಕೇಳಿದೆ. ಎರಡೂ ಕೈ ಎದೆಯ ಹತ್ತಿರ ತಂದು ನಡುಗಿಸಬೇಕಂತೆ. ನಡುಗಿಸುವ ಕಷ್ಟ ನನಗೆ ಬೀಳಲಿಲ್ಲ. ಜಯಶ್ರೀ ನೋಡಿದಳು, ನನ್ನ ಬೆರಳುಗಳನ್ನು ಹಿಡಿದು ಸ್ವಲ್ಪ ಮೇಲಕ್ಕೆ ಸರಿಸಿ ತಿದ್ದಿದಳು. ಕ್ಲಿನಿಕ್ಕಿನಲ್ಲಿ ಅವಳ ತುಟಿ ತಿದ್ದುತ್ತಿದ್ದ ಹಾಗೆಯೇ, ಆದರೆ ಮೆತ್ತಗೆ.

“ಏ ಇಶಾರೇ ನೈ ಆಪಾ, ಜಬಾನ್ ಹೈ” ಎಂದಳು ಫರ್ಹಾನಾ. ಇದು ಬರಿಯ ಸನ್ನೆಯಲ್ಲ, ಭಾಷೆ. ಯಾರೂ ಪಾಠ ಹೇಳದೆ ಜಯಶ್ರೀ ಬಸ್ಸಿನಲ್ಲಿ, ಗೆಳತಿಯರ ನಡುವೆ ಕಲಿತದ್ದು. ಆಡುವವರು ಸುತ್ತ ಇದ್ದರೆ ಬೆಳೆಯುತ್ತದೆ, ಇಲ್ಲದಿದ್ದರೆ ಸೊರಗುತ್ತದೆ. ಅವಳ ಸಂಶೋಧನೆಯಲ್ಲಿ ನನಗೆ ತಿಳಿದದ್ದು ಇಷ್ಟು. ನಾನೂ ಮಗಳಿಂದ ಕಲಿಯತೊಡಗಿದೆ. ಕ್ಲಿನಿಕ್ಕಿಗೆ ಹೋಗುವುದನ್ನು ಬಿಟ್ಟೆ, ಮನೆಯಲ್ಲಿ ತೆಲುಗನ್ನೂ ಬಿಟ್ಟೆ.

ಆ ದೀಪಾವಳಿಗೆ ಊರಿಗೆ ಬಂದೆವು. ಬಾಗಲಕೋಟೆಯವರೇ, ನಿಮ್ಮಲ್ಲಿ ಕೆಲವರು ನಮ್ಮನ್ನು ನೋಡಿದ್ದೀರಿ, ನೋಡಿ ನಕ್ಕೂ ಇದ್ದೀರಿ. ಜಯಶ್ರೀ ಓರಗೆಯ ಮಕ್ಕಳಿಗೆ ರೈಲಿನ ಕಥೆ ಹೇಳಲು ಹೋದಳು. ಅವರು ಅವಳನ್ನು ಅಣಕಿಸಿ ಮಂಗನ ಹಾಗೆ ಕುಣಿದರು. ನಮ್ಮತ್ತೆ ಅವಳ ಕೈಗಳನ್ನು ತನ್ನ ಸೆರಗಿನೊಳಗೆ ಮುಚ್ಚಿಟ್ಟುಕೊಂಡರು. “ಮಂದಿ ನೋಡ್ತಾರವಾ” ಎಂದರು. ಪ್ರೀತಿಯಿಂದಲೇ ಎಂದರು, ನನಗೆ ಗೊತ್ತು. ಪಾಡ್ಯದ ಹೊತ್ತಿಗೆ ಅವಳ ಕೈಗಳು ಮಡಿಲಲ್ಲಿ ಸತ್ತು ಬಿದ್ದಿದ್ದವು. ನೀರು ಬೇಕಾದರೂ ಬೆರಳು ಎತ್ತದೆ ಕೊಡದ ಕಡೆ ನೋಡುತ್ತಿದ್ದಳು.

ನಮ್ಮವರು ಮಾತ್ರ ಖುಷಿಯಲ್ಲಿದ್ದರು. “ಇಲ್ಲೇ ಸಿಮೆಂಟ್ ಫ್ಯಾಕ್ಟರ್ಯಾಗ ಕೆಲಸ ಐತಂತ. ಸಾಕಾತು, ಬಂದ್ ಬಿಡೂಣು.”

ಐದು ವರ್ಷ ನಾನು ಕಾದ ಮಾತು ಅದು. “ಇಲ್ಲಿ ಇಕಿ ಯಾರ ಕೂಡ ಮಾತಾಡ್ಬೇಕ್ರಿ?” ಎಂದೆ. ಅವರು ಮಗಳ ಮಡಿಲನ್ನು ನೋಡಿದರು. ಆಮೇಲೆ ಆ ಕೆಲಸದ ಸುದ್ದಿ ಎತ್ತಲಿಲ್ಲ.

ಹೈದರಾಬಾದನ್ನು ನಾನು ಈಗಲೂ ಕ್ಷಮಿಸಿಲ್ಲ. ಮನೆಯೊಡತಿ ಹಾಗೇ ಇದ್ದಾಳೆ, ಮೂರನೆಯ ಕೋಣೆಗೆ ಬೀಗವೂ ಇದೆ. ನಮ್ಮವರು ಕೆಲಸಕ್ಕೆ ಹೋದರೆ ನನ್ನ ಕನ್ನಡ ಇನ್ನೂ ಸ್ಟವ್ ಬೈಯಲಿಕ್ಕೇ. ಆದರೆ ಭಾನುವಾರ ಸಂಜೆ ಮೆಹದಿಪಟ್ಟಣದ ಬಸ್ ನಿಲ್ದಾಣದಲ್ಲಿ ಕಿವುಡರು ಗುಂಪು ಸೇರುತ್ತಾರೆ. ಅಷ್ಟು ಗದ್ದಲದ ನಡುವೆ ನನ್ನ ಮಗಳು ಅವರೊಡನೆ ಜಗಳ ಆಡುತ್ತಾಳೆ, ನಗುತ್ತಾಳೆ, ಯಾರನ್ನೋ ಅಣಕಿಸುತ್ತಾಳೆ. ನನಗೆ ಅರ್ಧ ತಿಳಿಯುತ್ತದೆ, ಉಳಿದರ್ಧ ಅವಳದು.

ಹೋದ ವಾರ ಎಸ್‌ಟಿಡಿ ಬೂತಿನಿಂದ ಅತ್ತೆಗೆ ಫೋನ್ ಮಾಡಿದೆ. ಎಂದಿನಂತೆ ಮೊದಲು ಅದನ್ನೇ ಕೇಳಿದರು: “ಕೂಸಿಗಿ ಮಾತ್ ಬಂತೇನವಾ?”

ಗಾಜಿನಾಚೆ ಜಯಶ್ರೀ ಗೆಳತಿಗೆ ಏನೋ ಹೇಳುತ್ತಿದ್ದಳು, ಎರಡೂ ಕೈ ಬಿಚ್ಚಿ.

“ಬಂತ್ರಿ ಅತ್ತಿ. ಭಾಳ ಮಾತಾಡ್ತಾಳ.”

“ಹಂಗಾರ ಹೊಳ್ಳಿ ಬರ್ರಿ ಇನ್ನ. ಯಾವಾಗ ಬರ್ತೀರಿ?”

“ಮಾತ್ ಬಂದೈತ್ರಿ ಅತ್ತಿ,” ಎಂದೆ, “ಅದಕ್ಕs ಬರಾಕ ಆಗಂಗಿಲ್ಲ.”