ಆಟಿಯಲ್ಲಿ ಮನೆ ಬಿಡುವುದಿಲ್ಲ

ಭೂಮಿ ಎಲ್ಲಿ ಕುಸಿಯಬಹುದು ಎಂದು ಹುಡುಕುವುದೇ ನನ್ನ ಕಸುಬಾಗಿತ್ತು. ಎಂಬತ್ತರ ದಶಕದ ಆರಂಭದಲ್ಲಿ ಮಣಿಪಾಲದಲ್ಲಿ ಬಾಡಿಗೆ ಮನೆ ಹಿಡಿದು, ಸುತ್ತಿಗೆ ಹಿಡಿದು ಗುಡ್ಡ ಸುತ್ತುತ್ತಿದ್ದೆ. ಒಮ್ಮೆ ಕಾಪುವಿನ ಶಾಲೆಯೊಂದರಲ್ಲಿ ಭಾಷಣಕ್ಕೆ ಕರೆದರು. ಮಲ್ಪೆಯ ಕಡಲಿನ ದ್ವೀಪದಲ್ಲಿರುವ ಕಂಬಗಲ್ಲುಗಳು ಒಂದು ಕಾಲದ ಜ್ವಾಲಾಮುಖಿಯ ಲಾವಾ ಎಂದು ಹೇಳಿದ್ದೇ ತಪ್ಪಾಯಿತು. "ಅದು ಪುನಃ ಸಿಡಿಯಲಿಕ್ಕುಂಟಾ ಸರ್?" ಎಂದು ಎಲ್ಲರೂ ಅದನ್ನೇ ಕೇಳಿದರು. ಕೋಟ್ಯಂತರ ವರ್ಷಗಳ ಹಿಂದೆ ತಣ್ಣಗಾದ ಕಲ್ಲಿಗೆ ಹೆದರುವವರು ತಮ್ಮ ಅಡುಗೆಮನೆಯ ಹಿಂದಿನ ಧರೆಗೆ ಹೆದರುವುದಿಲ್ಲ. ಧರೆಯೆಂದರೆ ಮನೆ ಕಟ್ಟಲೆಂದು ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದ ಜಾಗ. ಮೇಲೆ ಗಟ್ಟಿ ಮುರಕಲ್ಲು, ಅಡಿಯಲ್ಲಿ ಮೆತ್ತನೆಯ ಬಿಳಿ ಶೇಡಿಮಣ್ಣು. ಮಳೆನೀರು ಕುಡಿದರೆ ಶೇಡಿ ಬೆಣ್ಣೆಯಾಗುತ್ತದೆ. ಇದನ್ನು ಹೇಳತೊಡಗಿದರೆ ಸಭೆಯಲ್ಲಿ ಆಕಳಿಕೆ.

ನನ್ನ ಅಕ್ಕನ ಮನೆ ಕಾರ್ಕಳದ ಹೊರಗೆ ಅಂಥದ್ದೇ ಧರೆಯ ಬುಡದಲ್ಲಿತ್ತು. ಒಂದು ವರ್ಷ ತುಳುವರ ಆಟಿ ತಿಂಗಳಲ್ಲಿ, ಮಳೆ ಜಡಿಯುತ್ತಿದ್ದಾಗ, ಅವಳನ್ನು ನೋಡಲು ಹೋದವನು ಅಭ್ಯಾಸಬಲದಿಂದ ಗುಡ್ಡ ಹತ್ತಿದೆ. ಧರೆಯ ಅಂಚಿನುದ್ದಕ್ಕೂ ನೆಲ ಬಿರುಕು ಬಿಟ್ಟಿತ್ತು. ಕೊಡೆಯನ್ನು ಮಡಚಿ ತೂರಿಸಿದೆ, ಹಿಡಿಯವರೆಗೂ ಇಳಿಯಿತು.

ಕೆಳಗೆ ಬಂದು, "ಇವತ್ತೇ ಎಲ್ಲರೂ ಮಣಿಪಾಲಕ್ಕೆ ಹೊರಡಿ" ಎಂದೆ.

ಅಕ್ಕನ ಅತ್ತೆ ಹಲಸಿನ ಬೀಜ ಸುಲಿಯುತ್ತಿದ್ದರು. "ಆಟಿಯಲ್ಲಿ ಯಾರಾದರೂ ಮನೆ ಬಿಡುವುದುಂಟಾ? ಇದು ಮುಗಿದು ಸೋಣ ತಿಂಗಳು ಬರಲಿ, ನೋಡುವ" ಎಂದರು. ಆಟಿಯಲ್ಲಿ ಮದುವೆಯಿಲ್ಲ, ಗೃಹಪ್ರವೇಶವಿಲ್ಲ. ಮನೆಯ ದೀಪ ಆರಿಸಿ ಹೊರಟರೆ ಸಂಸಾರಕ್ಕೇ ಕೇಡು ಎಂಬುದು ಅವರ ನಂಬಿಕೆ.

ಭಾವ ಒಮ್ಮೆ ತಾಯಿಯ ಮುಖ, ಒಮ್ಮೆ ನನ್ನ ಮುಖ ನೋಡಿ, ತಾಯಿಯ ಪಕ್ಕ ಕೂತು ತಾವೂ ಬೀಜ ಸುಲಿಯತೊಡಗಿದರು. ಹಿತ್ತಲ ಗಿಡ ಮದ್ದಲ್ಲ. ಯಾವನೋ ಸಾಹೇಬ ಜೀಪಿನಿಂದಿಳಿದು ಹೇಳಿದ್ದರೆ ಕೇಳುತ್ತಿದ್ದರೇನೋ. ಗದರಿದೆ, ಅಂಗಲಾಚಿದೆ, ಏನೂ ನಡೆಯಲಿಲ್ಲ. ಅಕ್ಕ ಬಸ್ಸಿನವರೆಗೆ ಬಿಡಲು ಬಂದಳು. "ನಾವು ಮಲಗುವುದು ಮುಂದಿನ ಚಾವಡಿಯಲ್ಲಿ ಮಾರಾಯ, ಹೆದರಬೇಡ. ಹಿಂದೆ ಹೋಗುವುದು ಅಡುಗೆಗೆ ಮಾತ್ರ" ಎಂದಳು.

ಆಟಿ ಮುಗಿಯುವ ಮೊದಲೇ, ಒಂದು ಮಧ್ಯಾಹ್ನ ಅನ್ನ ಬಸಿಯುವ ಹೊತ್ತಿಗೆ ಧರೆ ಕುಸಿಯಿತು. ಚಾವಡಿಯಲ್ಲಿದ್ದವರಿಗೆ ಏನೂ ಆಗಲಿಲ್ಲ. ನಾನು ತಲುಪುವಷ್ಟರಲ್ಲಿ ಊರವರು ಅಕ್ಕನ ದೇಹವನ್ನು ಹೊರಗೆ ತೆಗೆದು ಚಾಪೆಯ ಮೇಲೆ ಮಲಗಿಸಿದ್ದರು. ಕೂದಲ ತುಂಬ ಶೇಡಿ. ಅದನ್ನು ಬೆರಳಿನಿಂದ ಬಿಡಿಸುತ್ತ ಕೂತೆ. ಕಲಿತ ವಿದ್ಯೆಯ ಮೇಲೆಯೇ ಅಸಹ್ಯ ಹುಟ್ಟಿತು.

ಉಳಿದ ಧರೆಯೂ ಬೀಳುವಂತಿತ್ತು. ದಹನ ಮುಗಿಸಿ ಮರುದಿನವೇ ಭಾವ, ಅಕ್ಕನ ಮಕ್ಕಳು, ಅವಳ ಅತ್ತೆ ನನ್ನ ಜೊತೆ ಮಣಿಪಾಲಕ್ಕೆ ಹೊರಟರು. ಇದಿನ್ನೂ ಆಟಿ ಎಂದು ಯಾರೂ ಹೇಳಲಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅತ್ತೆ ನನ್ನ ಕೈ ಹಿಡಿದರು.

"ನೀನು ಕಲಿತವನು ಅಲ್ವಾ ಮಗಾ. ನಾನು ಎಂತ ಹೇಳಿದರೂ ಅವಳನ್ನು ಎಳೆದುಕೊಂಡು ಹೋಗಬಹುದಿತ್ತಲ್ಲ?"

ಸಿಟ್ಟು ನೆತ್ತಿಗೇರಿತು. ಆದರೆ ಹಿಂದಿನ ದಿನದಿಂದ ನಾನೂ ನನ್ನನ್ನು ಅದನ್ನೇ ಕೇಳುತ್ತಿದ್ದೆ.